ಗ್ಯಾಸ್ ಸೋರದಿದ್ರೂ ಗ್ಯಾಸ್ ಗೀಸರ್ ಜೀವ ತೆಗೆಯೋದು ಹೇಗೆ? ಚಳಿಗಾಲಕ್ಕೆ ಮುಂಚೆ ಬಚ್ಚಲಿನ ಗಾಳಿ ದಾರಿ ನೋಡ್ಕೊಳ್ಳಿ

ರಾಯಚೂರು: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಬಿಸಿನೀರಿನ ಚಿಂತೆ ಇರೋದು ವರ್ಷಕ್ಕೆ ಮೂರು ತಿಂಗಳು ಮಾತ್ರ. ನವೆಂಬರ್ ಕೊನೆಗೆ ಚಳಿ ಬಿತ್ತು ಅಂದ್ರೆ ಮನೆಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗ್ತವೆ. ಒಂದು, ಬಚ್ಚಲು ಮನೆಯ ಗ್ಯಾಸ್ ಗೀಸರ್ ಹೊತ್ತಿಸೋದು. ಇನ್ನೊಂದು, ತಣ್ಣನೆ ಗಾಳಿ ಬರ್ತದೆ ಅಂತ ಅದೇ ಬಚ್ಚಲಿನ ಕಿಟಕಿ ಮುಚ್ಚೋದು. ಈ ಎರಡೂ ಒಟ್ಟಿಗೆ ಆದಾಗಲೇ ಜೀವಕ್ಕೆ ಅಪಾಯ.

ರಾಜ್ಯದಲ್ಲಿ ಇತ್ತೀಚಿನ ವರ್ಷಗಳ ಸುದ್ದಿ ನೋಡಿದ್ರೆ ಇದು ಗೊತ್ತಾಗ್ತದೆ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಯುವ ಜೋಡಿ ಬಚ್ಚಲಲ್ಲೇ ಪ್ರಾಣ ಬಿಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸದಾಶಿವನಗರ ಠಾಣೆ ವ್ಯಾಪ್ತಿಯಲ್ಲಿ ಗರ್ಭಿಣಿಯೊಬ್ಬರು ಸತ್ತರು, ಜೊತೆಗಿದ್ದ ಪುಟ್ಟ ಮಗ ಆಸ್ಪತ್ರೆ ಸೇರಿದ. 2024ರ ಜುಲೈನಲ್ಲಿ ಮಾಗಡಿಯಲ್ಲಿ ತಾಯಿ ಮತ್ತು ಮಗ. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕ-ತಂಗಿಯರು. ಎಲ್ಲೂ ಬೆಂಕಿ ಹತ್ತಿಲ್ಲ, ಸಿಲಿಂಡರ್ ಸಿಡಿದಿಲ್ಲ. ಜಳಕಕ್ಕೆ ಹೋದವರು ವಾಪಸ್ ಬರಲಿಲ್ಲ, ಅಷ್ಟೇ.

ಇಂಥ ಸುದ್ದಿಗೆ ಸಾಮಾನ್ಯವಾಗಿ ಬರುವ ತಲೆಬರಹ ‘ಗೀಸರ್ ಗ್ಯಾಸ್ ಸೋರಿಕೆ’ ಅಂತ. ಅದನ್ನ ಓದಿದವರು ತಮ್ಮ ಮನೆಯ ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡ್ತಾರೆ. ಗುಳ್ಳೆ ಬರಲಿಲ್ಲ ಅಂದ್ರೆ ‘ನಮ್ದು ಸೋರಂಗಿಲ್ಲ ಬಿಡ್ರಿ’ ಅಂತ ಸಮಾಧಾನ. ಆದರೆ ಇಂಥ ಸಾವು ಬಹಳ ಸಲ ಆಗೋದು ಸೋರಿದ ಗ್ಯಾಸಿಂದ ಅಲ್ಲ, ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿಂದ. ಒಂದು ಹನಿ ಗ್ಯಾಸ್ ಸೋರದ, ಹೊಸದಾದ, ಸರಿಯಾಗಿರುವ ಗೀಸರ್ ಕೂಡ ಮುಚ್ಚಿದ ಬಚ್ಚಲಲ್ಲಿ ಕೊಲ್ಲಬಹುದು.

ಸೋರಿಕೆ ಬೇರೆ, ಇದು ಬೇರೆ

ಸಿಲಿಂಡರ್‌ನಲ್ಲಿರುವ ಎಲ್‌ಪಿಜಿಗೆ ತನ್ನದೇ ಅಂತ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗಲಿ ಅಂತಲೇ ಅದಕ್ಕೆ ಕೊಳೆತ ವಾಸನೆಯ ರಾಸಾಯನಿಕ ಬೆರೆಸಿರ್ತಾರೆ. ಅದು ಗಾಳಿಗಿಂತ ಭಾರ, ಹಾಗಾಗಿ ನೆಲದಲ್ಲೇ ಹರಡಿ ನಿಲ್ಲುತ್ತದೆ. ಮೂಗಿಗೆ ಬಡಿಯುತ್ತೆ, ನಾವು ಎಚ್ಚರ ಆಗ್ತೀವಿ.

ಗೀಸರ್‌ನಲ್ಲಿ ಗ್ಯಾಸ್ ಉರಿಯಲು ಗಾಳಿಯಲ್ಲಿರುವ ಆಮ್ಲಜನಕ ಬೇಕು. ಸಾಕಷ್ಟು ಸಿಕ್ಕರೆ ಗ್ಯಾಸ್ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಆಗುತ್ತದೆ. ಸಾಲದಿದ್ರೆ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದಿಲ್ಲ, ಕೆಮ್ಮು ಬರೋದಿಲ್ಲ. ಎಲ್‌ಪಿಜಿಗೆ ಬೆರೆಸಿದ ಕೊಳೆತ ವಾಸನೆಯೂ ಬೆಂಕಿಯಲ್ಲಿ ಸುಟ್ಟು ಹೋಗಿರ್ತದೆ. ಒಳಗಿದ್ದವರಿಗೆ ಏನೂ ಗೊತ್ತಾಗೋದಿಲ್ಲ.

ಅಂದ್ರೆ ಗೀಸರ್ ಕೂಡ ಮನುಷ್ಯನ ಹಾಗೆ ಉಸಿರಾಡ್ತದೆ. ಒಳ್ಳೆ ಗಾಳಿ ಎಳ್ಕೊಂಡು ಕೆಟ್ಟ ಗಾಳಿ ಬಿಡ್ತದೆ. ಮುಚ್ಚಿದ ಬಚ್ಚಲಲ್ಲಿ ಜಳಕ ಮಾಡುವವರೂ ಗೀಸರೂ ಒಂದೇ ಗಾಳಿ ಹಂಚ್ಕೊಳ್ಳಬೇಕು. ಅದರಲ್ಲಿ ದೊಡ್ಡ ಪಾಲು ಗೀಸರಿಗೇ ಹೋಗುತ್ತದೆ.

ಒಂದು ಬಚ್ಚಲಿನ ಲೆಕ್ಕ

ನಮ್ಮ ಕಡೆ ಬಾಡಿಗೆ ಮನೆಗಳ ಬಚ್ಚಲು ಸಾಮಾನ್ಯವಾಗಿ 5 ಅಡಿ ಅಗಲ, 6 ಅಡಿ ಉದ್ದ ಇರ್ತದೆ. ಎತ್ತರ 8 ಅಡಿ ಹಿಡಿದ್ರೆ ಒಳಗಿರೋ ಗಾಳಿ 240 ಘನ ಅಡಿ.

ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಸಾಮಾನ್ಯ ಗ್ಯಾಸ್ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ 1 ಕೆಜಿ ಆಸುಪಾಸು ಗ್ಯಾಸ್ ಸುಡ್ತದೆ. 1 ಕೆಜಿ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್, ಅಂದ್ರೆ 420 ಘನ ಅಡಿಯಷ್ಟು ಗಾಳಿ ಬೇಕು. 15 ನಿಮಿಷ ಗೀಸರ್ ಓಡಿದ್ರೆ 105 ಘನ ಅಡಿ ಗಾಳಿ ಖರ್ಚು.

ಬಾಗಿಲು, ಕಿಟಕಿ ಎರಡೂ ಬಿಗಿಯಾಗಿ ಮುಚ್ಚಿದ್ದರೆ ಒಬ್ಬರ ಜಳಕ ಮುಗಿಯುವಷ್ಟರಲ್ಲಿ ಬಚ್ಚಲಿನ ಹತ್ತಿರ ಹತ್ತಿರ ಅರ್ಧ ಗಾಳಿಯ ಆಮ್ಲಜನಕ ಮುಗಿದಿರ್ತದೆ. ಗಾಳಿಯಲ್ಲಿ ಆಮ್ಲಜನಕ ಇರೋದು ಶೇ 21. ಅದು ಶೇ 18ರ ಆಸುಪಾಸಿಗೆ ಇಳಿದ್ರೂ ಉರಿ ಕೆಡಲು ಶುರುವಾಗಿ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಅರ್ಧ ಮುಗಿಯೋವರೆಗೆ ಕಾಯುವ ಪ್ರಶ್ನೆಯೇ ಇಲ್ಲ.

ಬೇರೆ ದೇಶದವರು ಇದೇ ಲೆಕ್ಕ ಹಾಕಿ ನಿಯಮ ಮಾಡಿದ್ದಾರೆ. ಅಮೆರಿಕದ ಗ್ಯಾಸ್ ನಿಯಮಾವಳಿಯಲ್ಲಿ ಒಂದು ಕೋಣೆಯ ಗಾಳಿಯನ್ನಷ್ಟೇ ನಂಬಿ ಗ್ಯಾಸ್ ಉಪಕರಣ ಉರಿಸಲು ಕೋಣೆ ಎಷ್ಟು ದೊಡ್ಡದಿರಬೇಕು ಅಂತ ಸೂತ್ರ ಇದೆ. ಆ ಸೂತ್ರದ ಪ್ರಕಾರ ನಮ್ಮ 6 ಲೀಟರ್ ಗೀಸರಿಗೆ ಸುಮಾರು 2,000 ಘನ ಅಡಿಯ ಕೋಣೆ ಬೇಕು. ನಮ್ಮ ಬಚ್ಚಲಿಗಿಂತ ಎಂಟು ಪಟ್ಟು. ಬ್ರಿಟನ್‌ನಲ್ಲಂತೂ 1998ರ ಗ್ಯಾಸ್ ಸುರಕ್ಷತಾ ನಿಯಮದ ಪ್ರಕಾರ, ಕೋಣೆಯ ಗಾಳಿ ಮುಟ್ಟದೆ ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಹೊಗೆ ಬಿಡುವ ಮಾದರಿ ಬಿಟ್ಟು ಬೇರೆ ಯಾವ ಗ್ಯಾಸ್ ಉಪಕರಣವನ್ನೂ ಬಚ್ಚಲಲ್ಲಿ ಕೂರಿಸುವಂತಿಲ್ಲ.

ಕೊನೆಗೆ ಜಳಕಕ್ಕೆ ಹೋದವರಿಗೆ ಹೆಚ್ಚು ಅಪಾಯ

‘ಐದು ವರ್ಷದಿಂದ ಹಿಂಗೇ ಜಳಕ ಮಾಡಾಕತ್ತೀವಿ, ಏನೂ ಆಗಿಲ್ಲ’ ಅನ್ನೋ ಮಾತು ಎಲ್ಲ ಕಡೆ ಕೇಳಿ ಬರ್ತದೆ. ಒಬ್ಬರು ಐದು ನಿಮಿಷ ಜಳಕ ಮಾಡಿ ಬಾಗಿಲು ತೆರೆದು ಬಂದ್ರೆ ಏನೂ ಆಗದೇ ಇರಬಹುದು. ಆದರೆ ಒಬ್ಬರ ಹಿಂದೆ ಒಬ್ಬರು ಹೋದಾಗ ಹಿಂದಿನವರ ಗೀಸರ್ ಬಿಟ್ಟ ಕೆಟ್ಟ ಗಾಳಿ ಒಳಗೇ ಉಳಿದಿರ್ತದೆ. ಅದರ ಮೇಲೆ ಮತ್ತೊಂದು ಕಾಲು ಗಂಟೆ ಉರಿ.

ದೀಪಾವಳಿ, ಯುಗಾದಿಯ ಎಣ್ಣೆ ಜಳಕದ ದಿನ ಹೀಗೇ ಆಗೋದು. ಬೆಳಗಿನ ಜಾವ ಶುರುವಾದ್ರೆ ಮನೆಮಂದಿ ಎಲ್ಲ ಮುಗಿಸೋವರೆಗೆ ಗೀಸರ್ ಆರೋದಿಲ್ಲ. ಎಲ್ಲರದೂ ಆದ ಮೇಲೆ ಕೊನೆಗೆ ಹೋಗೋದು ಮನೆಯ ಹೆಣ್ಣುಮಗಳು.

ಹಲವು ಮಾಡೆಲ್‌ಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ವ್ಯವಸ್ಥೆ ಇರ್ತದೆ. ಅದು ಇರೋದೇ ಈ ಕಾರಣಕ್ಕೆ. ಆದರೆ ಆರಿದ ತಕ್ಷಣ ನಲ್ಲಿ ಬಂದ್ ಮಾಡಿ ಮತ್ತೆ ತಿರುಗಿಸಿದ್ರೆ ಗೀಸರ್ ಮತ್ತೆ ಹೊತ್ಕೊಳ್ತದೆ. ಕೋಣೆಯ ಗಾಳಿ ಬದಲಾಗಿದೆಯೋ ಇಲ್ಲವೋ ಅನ್ನೋದು ಆ ಟೈಮರಿಗೆ ಗೊತ್ತಾಗೋದಿಲ್ಲ.

ದೇಹದೊಳಗೆ ಏನಾಗ್ತದೆ?

ರಕ್ತದಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುತ್ತದೆ. ಆದರೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕಾರ್ಬನ್ ಮೊನಾಕ್ಸೈಡನ್ನ ಹಿಡ್ಕೊಳ್ತದೆ. ಒಮ್ಮೆ ಹಿಡಿದ್ರೆ ಸುಲಭಕ್ಕೆ ಬಿಡೋದಿಲ್ಲ. ಉಸಿರು ಆಡ್ತಿರ್ತದೆ, ಆದರೆ ಮೆದುಳು, ಹೃದಯಕ್ಕೆ ಆಮ್ಲಜನಕ ತಲುಪೋದಿಲ್ಲ.

10 ಲಕ್ಷ ಪಾಲು ಗಾಳಿಯಲ್ಲಿ 1,600 ಪಾಲು ಕಾರ್ಬನ್ ಮೊನಾಕ್ಸೈಡ್ ಇದ್ರೆ 20 ನಿಮಿಷದಲ್ಲಿ ತಲೆನೋವು, ತಲೆಸುತ್ತು, ವಾಂತಿ ಬಂದಂಗೆ ಆಗ್ತದೆ. ಒಂದೆರಡು ಗಂಟೆಯಲ್ಲಿ ಜೀವಕ್ಕೆ ಕುತ್ತು. 6,400 ಪಾಲಿಗೆ ಏರಿದ್ರೆ ಒಂದೆರಡು ನಿಮಿಷದಲ್ಲೇ ತಲೆನೋವು, 10-15 ನಿಮಿಷದಲ್ಲಿ ಸಾವಿನ ಅಪಾಯ.

ಇದರಲ್ಲಿ ದೊಡ್ಡ ಮೋಸ ಅಂದ್ರೆ ಕೈಕಾಲು ಮೊದಲೇ ಸೋಲ್ತವೆ. ‘ಏನೋ ಆಗ್ತಿದೆ, ಹೊರಗೆ ಹೋಗ್ಬೇಕು’ ಅಂತ ತಿಳಿಯೋ ಹೊತ್ತಿಗೆ ಎದ್ದು ಚಿಲಕ ತೆಗೆಯೋ ಶಕ್ತಿ ಇರೋದಿಲ್ಲ. ಶವರ್ ನೀರಿನ ಸಪ್ಪಳದಲ್ಲಿ ಬಿದ್ದದ್ದೂ ಹೊರಗಿನವರಿಗೆ ಕೇಳೋದಿಲ್ಲ. ನೀರು ಬೀಳ್ತಾ ಇದೆಯಲ್ಲ, ಜಳಕ ಮಾಡ್ತಿದ್ದಾರೆ ಅಂತ ಮನೆಯವರು ಸುಮ್ಮನಿರ್ತಾರೆ.

ಬಾಣಂತಿ ಬಚ್ಚಲು: ವಿಶೇಷ ಎಚ್ಚರ

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹೆರಿಗೆಗೆ ತವರಿಗೆ ಬಂದ ಮಗಳಿಗೆ ದಿನಾ ಬಿಸಿಬಿಸಿ ನೀರು ಎರೆಯುವುದು ರೂಢಿ. ಗಾಳಿ ಹೊಕ್ಕರೆ ಬಾಣಂತಿಗೆ ನಂಜಾಗ್ತದೆ ಅಂತ ಬಚ್ಚಲಿನ ಕಿಟಕಿಗೆ ಬಟ್ಟೆ ತುರುಕ್ತಾರೆ, ಬಾಗಿಲ ಸಂದಿಗೆ ಗೋಣಿಚೀಲ ಹಾಕ್ತಾರೆ. ಒಳಗೆ ಬಾಣಂತಿ, ನೀರು ಹಾಕುವ ಅಜ್ಜಿ, ಕೆಲವು ಸಲ ಕೂಸು ಕೂಡ. ಹಂಡೆ ಒಲೆ ಹೊರಗಿದ್ದಾಗ ಈ ರೂಢಿ ನಡೀತು. ಈಗ ಅದೇ ಬಚ್ಚಲೊಳಗೆ ಗ್ಯಾಸ್ ಗೀಸರ್ ಬಂದಿದೆ, ಅರ್ಧ ಗಂಟೆ, ಮುಕ್ಕಾಲು ಗಂಟೆ ಉರೀತದೆ.

ಹೆರಿಗೆಯಲ್ಲಿ ರಕ್ತ ಹೋಗಿ ಸುಸ್ತಾದ ಬಾಣಂತಿಗೆ, ವೇಗವಾಗಿ ಉಸಿರಾಡುವ ಕೂಸಿಗೆ ಈ ವಿಷ ಬೇಗ ಏರುತ್ತದೆ. ಗರ್ಭಿಣಿಯಾದ್ರೆ ಹೊಟ್ಟೆಯೊಳಗಿನ ಮಗುವಿಗೆ ತಾಯಿಗಿಂತ ಹೆಚ್ಚು ಅಪಾಯ.

ಬಾಣಂತಿ ಕೋಣೆಯಲ್ಲಿ ಇಡುವ ಕೆಂಡದ ಶೇಗಡಿ, ಕೂಸಿಗೆ ಹಾಕುವ ಲೋಬಾನದ ಹೊಗೆಗೂ ಇದೇ ಮಾತು. ಹೊಗೆ ಕಾಣದ ಕೆಂಪು ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರ್ತದೆ. ಕೆಂಡ ಇಟ್ಟ ಕೋಣೆಯ ಬಾಗಿಲು ಹಾಕಿ ರಾತ್ರಿ ಮಲಗಲೇಬಾರದು. ನೀರು ಎರೆಯುವಾಗ ನೀರನ್ನ ಹೊರಗೆ ಕಾಯಿಸಿ ಬಕೆಟ್‌ನಲ್ಲಿ ಒಳಗೆ ತಂದ್ರೆ ಬೆಚ್ಚಗಿನ ಬಚ್ಚಲೂ ಉಳೀತದೆ, ಜೀವಕ್ಕೂ ಅಪಾಯ ಇಲ್ಲ.

ಹಂಡೆ, ಬಂಬಿಗೆ ಇದ್ದ ದಾರಿ

ಹಿಂದೆ ನೀರು ಕಾಯ್ತಿದ್ದದ್ದು ಹಿತ್ತಲ ಹಂಡೆಯಲ್ಲಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಒಟ್ಟಿ ಉರಿ ಹಾಕಿದ್ರೆ ಹೊಗೆ ಬಯಲಿಗೆ ಹೋಗ್ತಿತ್ತು. ಬಚ್ಚಲೊಳಗೇ ಹೂತ ಹಂಡೆಯಾದ್ರೂ ಒಲೆಯ ಬಾಯಿ ಗೋಡೆಯ ಆಚೆ ಇರ್ತಿತ್ತು. ತಾಮ್ರದ ಬಂಬಿಗೆ ನಡುವೆಯೇ ಹೊಗೆ ಕೊಳವೆ. ಜೊತೆಗೆ ಕಟ್ಟಿಗೆ ಹೊಗೆ ಕಣ್ಣಿಗೆ ಹೊಡೆದು ಎಚ್ಚರಿಸ್ತಿತ್ತು.

ಜೆಸ್ಕಾಂ ಕರೆಂಟ್ ಹೋದ್ರೂ ಎರಡು ಬ್ಯಾಟರಿ ಸೆಲ್ ಮೇಲೆ ಹೊತ್ತುವ ಗ್ಯಾಸ್ ಗೀಸರ್ ಅನುಕೂಲವೇ. ಅದನ್ನ ಬಿಡಿ ಅಂತ ಹೇಳೋ ಕಾರಣ ಇಲ್ಲ. ಆದರೆ ಹಂಡೆ ಒಲೆಗೆ ಇದ್ದ ಎರಡು ದಾರಿ, ಅಂದ್ರೆ ಗಾಳಿ ಬರುವ ದಾರಿ ಮತ್ತು ಹೊಗೆ ಹೋಗುವ ದಾರಿ, ಇದಕ್ಕೂ ಬೇಕು.

ಗೀಸರ್ ಎಲ್ಲಿ ಕೂರಿಸ್ಬೇಕು?

ಒಂದೇ ಉತ್ತರ: ಬಚ್ಚಲ ಹೊರಗೆ. ಬಚ್ಚಲಿನ ಹೊರಗೋಡೆಗೆ, ಹಿತ್ತಲಿಗೆ, ಬಾಲ್ಕನಿಗೆ ಅಥವಾ ಗಾಳಿಯಾಡುವ ಬಟ್ಟೆ ಒಗೆಯೋ ಜಾಗದಲ್ಲಿ ಗೀಸರ್ ಇಟ್ಟು, ಬಿಸಿನೀರಿನ ಪೈಪ್ ಮಾತ್ರ ಗೋಡೆ ತೂರಿಸಿ ಒಳಗೆ ತನ್ನಿ. ನಲ್ಲಿ ತಿರುಗಿಸಿದಾಗ ನೀರಿನ ಒತ್ತಡಕ್ಕೇ ಹೊತ್ತುವ ಯಂತ್ರ ಇದು. ಹೊರಗಿದ್ರೂ ಒಳಗಿಂದಲೇ ನಡೀತದೆ. ಖರ್ಚು ಅಂದ್ರೆ ಕೆಲವು ಅಡಿ ಪೈಪು ಮತ್ತು ಪ್ಲಂಬರ್ ಕೂಲಿ.

ಹೊರಗೆ ಕೂರಿಸುವಾಗ ಇವು ನೆನಪಿರಲಿ:

- ಬಚ್ಚಲಿನ ಅಥವಾ ಮಲಗುವ ಕೋಣೆಯ ಕಿಟಕಿಯ ಕೆಳಗೇ ಬೇಡ. ಹೊಗೆ ಕಿಟಕಿಯಿಂದ ಒಳಗೆ ಬರ್ತದೆ.
- ಮಳೆ, ಗಾಳಿಗೆ ಅಂತ ತಗಡಿನ ಡಬ್ಬಿ ಮಾಡಿಸಿದ್ರೆ ಮೇಲೆ, ಕೆಳಗೆ ಎರಡೂ ಕಡೆ ತೆರೆದಿರ್ಲಿ. ಪೂರ್ತಿ ಮುಚ್ಚಿದ್ರೆ ಗೀಸರಿಗೇ ಉಸಿರು ಕಟ್ಟಿ ಉರಿ ಕೆಡ್ತದೆ.
- ಮೆಟ್ಟಿಲ ಕೆಳಗಿನ ಗೂಡು, ಮೇಲೆ ಮುಚ್ಚಿದ ಪೈಪ್ ಶಾಫ್ಟ್ ಹೊರಗೆ ಅಂತ ಲೆಕ್ಕಕ್ಕಿಲ್ಲ. ಅಲ್ಲಿ ಗಾಳಿ ಓಡಾಡೋದಿಲ್ಲ.
- ಸಿಲಿಂಡರ್ ಕೂಡ ಹೊರಗೆ, ನೆಟ್ಟಗೆ ನಿಲ್ಲಿಸಿ. ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಿಸಿ.

ರಾಯಚೂರಿನ ಅಂದ್ರೂನ್ ಕಿಲ್ಲಾ ಥರದ ಹಳೇ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳಿವೆ. ಬಚ್ಚಲಿಗೆ ಹೊರಗೋಡೆಯೇ ಇರೋದಿಲ್ಲ. ಅಂಥ ಕಡೆ ಗೀಸರನ್ನ ಅಂಗಳಕ್ಕೋ ಮಾಳಿಗೆಗೋ ಒಯ್ಯಬೇಕು. ಅದೂ ಆಗದಿದ್ರೆ ಆ ಮನೆಗೆ ಕರೆಂಟ್ ಗೀಸರ್ ಅಥವಾ ಸೋಲಾರ್ ಸರಿ.

ಗಾಳಿ ಬರುವ ದಾರಿ: ಕೆಳಗೊಂದು, ಮೇಲೊಂದು

ಗೀಸರ್ ಇರುವ ಜಾಗ ಪೂರ್ತಿ ಬಯಲಲ್ಲ, ಒಗೆಯೋ ಕೋಣೆಯಂಥದ್ದು ಅಂದ್ರೆ ಅದಕ್ಕೆ ಸದಾ ತೆರೆದಿರುವ ಎರಡು ಕಿಂಡಿ ಬೇಕು. ಒಂದು ನೆಲದಿಂದ ಒಂದು ಅಡಿಯೊಳಗೆ, ಇನ್ನೊಂದು ಮಾಳಿಗೆಯಿಂದ ಒಂದು ಅಡಿಯೊಳಗೆ. ಬಿಸಿಗಾಳಿ ಮೇಲಿನ ಕಿಂಡಿಯಿಂದ ಹೋಗ್ತದೆ, ಅದರ ಜಾಗಕ್ಕೆ ತಣ್ಣನೆ ಹೊಸ ಗಾಳಿ ಕೆಳಗಿನಿಂದ ಬರ್ತದೆ. ಒಂದೇ ಕಿಂಡಿ ಇದ್ರೆ ಈ ಓಡಾಟ ಸರಿಯಾಗಿ ಆಗೋದಿಲ್ಲ. ಗ್ಯಾಸ್ ನಿಜವಾಗಿ ಸೋರಿದ್ರೆ ನೆಲದಲ್ಲಿ ಹರಡಿದ್ದು ಹೊರಗೆ ಹೋಗಲೂ ಕೆಳಗಿನ ಕಿಂಡಿ ಬೇಕು.

ಎಷ್ಟು ದೊಡ್ಡದು? ನೇರ ಬಯಲಿಗೆ ತೆರೆಯುವ ಕಿಂಡಿ ಆದ್ರೆ ಅಮೆರಿಕದ ಸೂತ್ರದಂತೆ ಈ ಅಳತೆಯ ಗೀಸರಿಗೆ ಒಂದೊಂದೂ 10 ಚದರ ಇಂಚು ಸಾಕು. ಆದರೆ ಅದು ಏನೂ ಅಡ್ಡ ಇಲ್ಲದ ಖಾಲಿ ಜಾಗದ ಅಳತೆ. ನಾವು ಜಾಲರಿ ಹಾಕ್ತೀವಿ, ಜೇಡ ಬಲೆ ಕಟ್ತದೆ, ಧೂಳು ಕೂರ್ತದೆ. ಮರದ ಪಟ್ಟಿಯ ಜಾಲರಿಯಾದ್ರೆ ಕಾಲು ಭಾಗ ಮಾತ್ರ ಗಾಳಿಗೆ ತೆರೆದಿರ್ತದೆ ಅಂತ ಲೆಕ್ಕ ಹಿಡೀತಾರೆ. ಹಾಗಾಗಿ ಕನಿಷ್ಠ 6 ಇಂಚು ಅಗಲ, 6 ಇಂಚು ಎತ್ತರದ ಎರಡು ಕಿಂಡಿ ಬಿಡಿಸೋದು ಒಳ್ಳೇದು. ಗೀಸರ್ ಜೊತೆ ಬಂದ ಪುಸ್ತಕದಲ್ಲಿ ಇನ್ನೂ ದೊಡ್ಡದು ಹೇಳಿದ್ರೆ ಅದೇ ಅಂತಿಮ.

ಮುಖ್ಯ ಮಾತು: ಚಳಿಗಾಲದಲ್ಲಿ ಈ ಕಿಂಡಿಗೆ ರಟ್ಟು, ಪೇಪರ್, ಹಳೇ ಸೀರೆ ತುರುಕಬೇಡಿ. ಮುಚ್ಚಲು ಬರುವ ಶಟರ್ ಕೂಡ ಬೇಡ.

ಹೊಗೆ ಹೋಗುವ ದಾರಿ

ಪೇಟೆಯಲ್ಲಿ ಸಿಗುವ ಹಲವು ಅಗ್ಗದ ಗೀಸರ್‌ಗಳಿಗೆ ಹೊಗೆ ಕೊಳವೆಯೇ ಇಲ್ಲ. ಮೇಲಿನ ಸೀಳುಗಳಿಂದ ಬಿಸಿಗಾಳಿ ಅಲ್ಲೇ ಹೊರಬರ್ತದೆ. ಇವು ಬಯಲಿಗಷ್ಟೇ ಸರಿ.

ಕೊಳವೆ ಇರುವ ಮಾಡೆಲ್ ಆದ್ರೆ ಕೊಳವೆ ಹಾಕಿಸೋ ರೀತಿ ಸರಿಯಿರಬೇಕು:

- ಲೋಹದ ಕೊಳವೆಯೇ ಇರ್ಲಿ. ಪಿವಿಸಿ ಬಿಸಿಗೆ ಕರಗ್ತದೆ.
- ಗೀಸರಿಂದ ಮೊದಲು ನೆಟ್ಟಗೆ ಮೇಲೆ ಹೋಗಿ ಆಮೇಲೆ ಹೊರಗೆ ತಿರುಗಲಿ. ದಾರಿಯುದ್ದಕ್ಕೂ ಏರು ಇರ್ಲಿ. ಬಿಸಿ ಹೊಗೆ ಇಳಿಜಾರಿಗೆ ಹೋಗೋದಿಲ್ಲ.
- ತಿರುವು ಆದಷ್ಟು ಕಡಿಮೆ. ಪ್ರತಿ ತಿರುವೂ ಹೊಗೆಯ ಓಟ ತಗ್ಗಿಸ್ತದೆ.
- ಕೊನೆ ಬಯಲಲ್ಲೇ ಇರ್ಲಿ. ಅಟ್ಟದೊಳಗೆ, ಶಾಫ್ಟಿನೊಳಗೆ, ಪಕ್ಕದ ಮನೆಯ ಕಿಟಕಿ ಎದುರಿಗೆ ಬೇಡ.
- ತುದಿಗೆ ಟೋಪಿ ಹಾಕಿಸಿ. ಬೇಸಿಗೆಯಲ್ಲಿ ಗೀಸರ್ ಆರಿರೋ ಒಂಬತ್ತು ತಿಂಗಳಲ್ಲಿ ಪಾರಿವಾಳ, ಗುಬ್ಬಿ ಗೂಡು ಕಟ್ಟಿರ್ತವೆ. ಮೊದಲ ಸಲ ಹೊತ್ತಿಸುವ ಮುಂಚೆ ನೋಡಿ.

ಎಳೆತ ಸರಿಯಿದೆಯಾ ಅಂತ ನೋಡಲು ಊದುಬತ್ತಿ ಸಾಕು. ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಗೀಸರ್ ಐದು ನಿಮಿಷ ಓಡಿಸಿ. ಕೊಳವೆ ಶುರುವಾಗುವ ಕಡೆಯ ಸೀಳಿನ ಹತ್ತಿರ ಊದುಬತ್ತಿ ಹಿಡೀರಿ. ಹೊಗೆ ಒಳಕ್ಕೆ ಎಳೆದುಕೊಂಡ್ರೆ ಸರಿ. ಕೋಣೆಗೆ ವಾಪಸ್ ತಳ್ಳಿದ್ರೆ ತಕ್ಷಣ ಆರಿಸಿ, ಸರ್ವಿಸ್‌ನವರಿಗೆ ಹೇಳಿ. ಇವತ್ತು ಪಾಸಾಯ್ತು ಅಂದ್ರೆ ವರ್ಷವಿಡೀ ಸರಿಯಿರ್ತದೆ ಅಂತಲ್ಲ.

ಎಕ್ಸಾಸ್ಟ್ ಫ್ಯಾನ್ ಇದೆ, ಸಾಕಲ್ವಾ?

ಬಹಳ ಜನ ಕೇಳುವ ಪ್ರಶ್ನೆ. ಉತ್ತರ: ಸಾಲದು, ಕೆಲವು ಸಲ ಫ್ಯಾನೇ ಅಪಾಯ.

ಫ್ಯಾನ್ ಗಾಳಿಯನ್ನ ಹೊರಗೆ ತಳ್ತದೆ. ಅಷ್ಟೇ ಗಾಳಿ ಬೇರೆ ಕಡೆಯಿಂದ ಒಳಗೆ ಬರಲೇಬೇಕು. ಬಾಗಿಲ ಸಂದಿ, ಕಿಂಡಿ ಎಲ್ಲ ಮುಚ್ಚಿದ್ರೆ ಅದು ಗೀಸರಿನ ಹೊಗೆ ಕೊಳವೆಯಿಂದಲೇ ಗಾಳಿ ಎಳೀತದೆ. ಮೇಲೆ ಹೋಗಬೇಕಾದ ಹೊಗೆ ಕೆಳಗಿಳಿದು ಕೋಣೆ ತುಂಬ್ತದೆ. ಪಕ್ಕದ ಅಡುಗೆಮನೆಯ ಚಿಮಣಿ ಜೋರಾಗಿ ಓಡ್ತಿದ್ರೂ ಹೀಗೆ ಆಗಬಹುದು. ಹಾಗಾಗಿ ಊದುಬತ್ತಿ ಪರೀಕ್ಷೆಯನ್ನ ಬಾಗಿಲು ಹಾಕಿ, ಫ್ಯಾನ್, ಚಿಮಣಿ ಎರಡೂ ಹಚ್ಚಿ ಮಾಡ್ಬೇಕು.

ಕರೆಂಟ್ ಹೋದಾಗ ಫ್ಯಾನ್ ನಿಲ್ತದೆ, ಆದರೆ ಬ್ಯಾಟರಿ ಮೇಲಿನ ಗೀಸರ್ ನಿಲ್ಲೋದಿಲ್ಲ ಅನ್ನೋದನ್ನೂ ಮರೀಬೇಡಿ.

ಬಾಡಿಗೆ ಮನೆಯವರು ಏನು ಮಾಡ್ಬೇಕು?

ಗೋಡೆ ಕೊರೆಯೋ ಹಕ್ಕು ಬಾಡಿಗೆದಾರರಿಗೆ ಇಲ್ಲ, ಮಾಲೀಕರು ಆ ಬಚ್ಚಲಲ್ಲಿ ಜಳಕ ಮಾಡೋದಿಲ್ಲ. ಈ ನಡುವೆಯೇ ಕೆಲಸ ಉಳಿದುಬಿಡ್ತದೆ. ಮನೆ ನೋಡಲು ಹೋದಾಗ ನೀರು, ಕರೆಂಟ್ ಕೇಳುವಂತೆ ‘ಗೀಸರ್ ಒಳಗದ ಏನ್ರೀ, ಹೊರಗದ?’ ಅಂತಲೂ ಕೇಳಿ. ಒಳಗಿದ್ರೆ ಅಡ್ವಾನ್ಸ್ ಕೊಡೋ ಮುಂಚೆಯೇ ಹೊರಗೆ ಹಾಕಿಸಿ ಕೊಡಲು ಹೇಳಿ. ಪಿಜಿ, ಲಾಡ್ಜ್ ನಡೆಸುವವರಿಗಂತೂ ಇದು ಬೇರೆಯವರ ಮಕ್ಕಳ ಜೀವದ ವಿಷಯ.

ಗೀಸರ್ ಹೊರಗೆ ಹೋಗುವವರೆಗೆ ಒಂದು ಸರಳ ದಾರಿ ಇದೆ. ಬಾಗಿಲು, ಕಿಟಕಿ ತೆರೆದಿಟ್ಟು ಗೀಸರಿಂದ ಬಕೆಟ್ ತುಂಬಿಸ್ಕೊಳ್ಳಿ. ಗೀಸರ್ ಆರಿಸಿ, ಗ್ಯಾಸ್ ಬಂದ್ ಮಾಡಿ. ಹತ್ತು ನಿಮಿಷ ಗಾಳಿ ಆಡಲಿ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿ ಜಳಕ ಮಾಡಿ. ಮುಂದಿನವರಿಗೂ ಇದೇ ಕ್ರಮ. ಗೀಸರ್ ಉರೀತಿರುವಾಗ ಒಳಗಿಂದ ಚಿಲಕ ಹಾಕಲೇಬಾರದು.

ಕೊಳ್ಳುವಾಗ, ಸರ್ವಿಸ್ ಮಾಡಿಸುವಾಗ

ಮನೆ ಬಳಕೆಯ ಎಲ್‌ಪಿಜಿ ಗೀಸರಿಗೆ ಭಾರತೀಯ ಮಾನಕ ಐಎಸ್ 15558. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರ್ತದೆ. ಅದನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದ್ರೆ ಅಸಲಿಯೋ ನಕಲಿಯೋ ತಿಳೀತದೆ. ಉರಿ ಆರಿದ್ರೆ ಗ್ಯಾಸ್ ನಿಲ್ಲಿಸುವ, ಆಮ್ಲಜನಕ ಕಡಿಮೆಯಾದ್ರೆ ತಾನೇ ಆರುವ ವ್ಯವಸ್ಥೆ ಇದೆಯಾ ಅಂತ ಕೇಳಿ. ಇದ್ದರೂ ಒಳಗೆ ಕೂರಿಸಲು ಅದು ಪರವಾನಗಿ ಅಲ್ಲ.

ವರ್ಷಕ್ಕೊಮ್ಮೆ, ಚಳಿಗೆ ಮುಂಚೆ ಸರ್ವಿಸ್ ಮಾಡಿಸಿ. ನಮ್ಮ ಜಿಲ್ಲೆಯ ಧೂಳು, ಜಿನ್ನಿಂಗ್ ಮಿಲ್ ಹತ್ತಿರದ ಮನೆಗಳಲ್ಲಿ ಹತ್ತಿಯ ನವಿರು ಬರ್ನರ್‌ನಲ್ಲಿ ಕೂತು ಗಾಳಿ ತಡೀತವೆ. ಬೋರ್‌ವೆಲ್‌ನ ಗಡಸು ನೀರು ತಾಮ್ರದ ಕೊಳವೆಯೊಳಗೆ ಬಿಳಿ ಪದರು ಕಟ್ತದೆ. ಉರಿ ನೀಲಿ ಇರಬೇಕು. ಹಳದಿ ಉರಿ, ಗೀಸರ್ ಮೈಮೇಲೆ ಕಪ್ಪು ಮಸಿ ಕಂಡ್ರೆ ಆ ದಿನವೇ ಬಂದ್ ಮಾಡಿ. ಉರಿ ನೀಲಿ ಇದೆ ಅಂತ ಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗ್ತದೆ. ಅಡುಗೆಮನೆಗೆ ಹಾಕುವ ಗ್ಯಾಸ್ ಲೀಕ್ ಅಲಾರಂ ಬೇರೆ, ಅದು ಈ ವಿಷವನ್ನ ಹಿಡಿಯೋದಿಲ್ಲ.

ಯಾರಾದ್ರೂ ಒಳಗೆ ಬಿದ್ದಿದ್ರೆ

ಬಚ್ಚಲಲ್ಲಿ ತಲೆನೋವು, ತಲೆಸುತ್ತು, ಕಾಲು ಸೋತಂಗಾಗಿ ಹೊರಗೆ ಬಂದ ಮೇಲೆ ಸರಿ ಹೋಗ್ತದೆ ಅಂದ್ರೆ ಅದು ಬಿಪಿ, ಪಿತ್ತ ಅಂತ ಬಿಡಬೇಡಿ. ಮನೆಯಲ್ಲಿ ಇಬ್ಬರಿಗೆ ಹಾಗಾದ್ರೆ ಗೀಸರನ್ನೇ ಮೊದಲು ಅನುಮಾನಿಸಿ. ಒಳಗಿದ್ದವರು ಕರೆದ್ರೆ ಓಗೊಡಲಿಲ್ಲ ಅಂದ್ರೆ:

1. ಕಾಯಬೇಡಿ, ಬಾಗಿಲು ಒಡೀರಿ. ಸಿಲಿಂಡರ್ ಬಂದ್ ಮಾಡಿಸಿ, ಕಿಟಕಿ ತೆರೀರಿ.
2. ಒಳಗೆ ಹೋಗುವವರು ಉಸಿರು ಬಿಗಿಹಿಡಿದು ಹೋಗಿ, ಎಳೆದುಕೊಂಡು ತಕ್ಷಣ ಹೊರಬನ್ನಿ. ಅಲ್ಲೇ ಕೂತು ಎಬ್ಬಿಸಲು ಹೋಗಬೇಡಿ. ಕಾಪಾಡಲು ಹೋದವರೂ ಬಿದ್ದ ಉದಾಹರಣೆ ಇವೆ.
3. ಬಯಲಿಗೆ ತಂದು ಮಲಗಿಸಿ. ಉಸಿರು ಇಲ್ಲದಿದ್ರೆ ಎದೆ ಒತ್ತುವುದನ್ನ ಶುರು ಮಾಡಿ. ಬಾಯಿಗೆ ನೀರು, ಮಜ್ಜಿಗೆ ಹಾಕಬೇಡಿ.
4. 108ಕ್ಕೆ ಫೋನ್ ಮಾಡುವಾಗಲೇ ‘ಗ್ಯಾಸ್ ಗೀಸರ್, ಆಕ್ಸಿಜನ್ ಬೇಕು’ ಅಂತ ಹೇಳಿ.

ಇದಕ್ಕೆ ಔಷಧ ಅಂದ್ರೆ ಆಮ್ಲಜನಕವೇ. ಬರೀ ಗಾಳಿ ಉಸಿರಾಡಿದ್ರೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು 4-5 ಗಂಟೆ ಬೇಕು. ಮಾಸ್ಕ್ ಮೂಲಕ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಆದ್ದರಿಂದ ದೇವದುರ್ಗ, ಮಾನ್ವಿಯವರು ನೇರ ರಾಯಚೂರಿನ ರಿಮ್ಸ್‌ಗೆ ಅಂತ ಕಾರಿನಲ್ಲಿ ಹಾಕ್ಕೊಂಡು ಒಂದು ಗಂಟೆ ಓಡೋ ಬದಲು, ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿಸಿ. ಮುಂದೆ ಕಳಿಸಬೇಕೋ ಬೇಡವೋ ಅಲ್ಲಿನ ವೈದ್ಯರು ಹೇಳ್ತಾರೆ. ದಾರಿಯಲ್ಲೂ ಆಮ್ಲಜನಕ ನಿಲ್ಲಬಾರದು.

ಇನ್ನೊಂದು ವಿಷಯ: ಕೊರೊನಾ ಕಾಲದಲ್ಲಿ ಮನೆಗೆ ತಂದ ಬೆರಳಿನ ಆಕ್ಸಿಮೀಟರ್ ನಂಬಬೇಡಿ. ಅದಕ್ಕೆ ಹಿಮೋಗ್ಲೋಬಿನ್ ಹೊತ್ತಿರೋದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಅಂತ ಗುರುತಿಸಲು ಬರೋದಿಲ್ಲ. ವಿಷ ಏರಿದವರಿಗೂ 98, 99 ಅಂತ ತೋರಿಸಬಹುದು. ಎಚ್ಚರ ಬಂದು ಮಾತಾಡಿದ್ರೂ ಆಸ್ಪತ್ರೆಗೆ ತೋರಿಸಿ. ಮರೆವು, ನಡುಕದಂಥ ತೊಂದರೆ ಕೆಲವರಿಗೆ ವಾರಗಳ ಮೇಲೆ ಕಾಣಿಸ್ತದೆ.

ಈ ನಂಬರ್ ಫೋನಿನಲ್ಲಿ ಇರ್ಲಿ

- ಆಂಬುಲೆನ್ಸ್: 108
- ಎಲ್ಲ ತುರ್ತು ಸೇವೆ: 112
- ಎಲ್‌ಪಿಜಿ ಸೋರಿಕೆ ದೂರು, 24 ಗಂಟೆ: 1906

ಇವತ್ತು ಸಂಜೆ ಬಚ್ಚಲಿಗೆ ಹೋಗಿ ಮೂರು ಸಂಗತಿ ನೋಡಿ: ಗೀಸರ್ ಒಳಗಿದೆಯೋ ಹೊರಗೋ, ಗಾಳಿ ಬರಲು ಕೆಳಗೊಂದು ಕಿಂಡಿ ಇದೆಯೋ, ಹೊಗೆ ಹೋಗಲು ಮೇಲೊಂದು ದಾರಿ ಇದೆಯೋ. ಗೀಸರ್ ಒಳಗಿದ್ರೆ ನಾಳೆ ಬೆಳಗ್ಗೆಯಿಂದ ಬಕೆಟ್ ಕ್ರಮ ಶುರು ಮಾಡಿ, ಪ್ಲಂಬರಿಗೆ ಫೋನ್ ಹಚ್ಚಿ.